ನಗು ಉಕ್ಕದ ಎರಡನೇ ಭಾಗ: ‘ಸ್ಕೇರಿ ಮೂವಿ 2’ ಮತ್ತು ಅದರ ಡಿವಿಡಿ ಬಗ್ಗೆ ಓದುಗರ ಪ್ರಶ್ನೆಗಳು

ಅಣಕು ಚಿತ್ರಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು 2001ರ ‘ಸ್ಕೇರಿ ಮೂವಿ 2’ ಸುತ್ತಲೇ ಇವೆ. ಕೆಲವರಿಗೆ ಚಿತ್ರದ ಮೇಲೆ ಸಿಟ್ಟು, ಕೆಲವರಿಗೆ ಕಪಾಟಿನಲ್ಲಿ ಉಳಿದ ಡಿಸ್ಕಿನ ಚಿಂತೆ. ಎರಡಕ್ಕೂ ಇಲ್ಲಿ ಉತ್ತರವಿದೆ.

ಮೊದಲ ಭಾಗ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಎರಡನೆಯದರಲ್ಲಿ ನಗುವೇ ಬರಲಿಲ್ಲ. ನಿರ್ದೇಶಕರು ಅವರೇ, ಮುಖ್ಯ ನಟರೂ ಅವರೇ. ದುಡ್ಡು ಸಾಲದೆ ಹೋಯಿತೇ? (ಮೈಸೂರು)

ದುಡ್ಡು ಸಾಕಷ್ಟಿತ್ತು, ಸಾಲದೆ ಹೋದದ್ದು ಸಮಯ. ಮೊದಲ ಭಾಗಕ್ಕೆ ಸುಮಾರು 1.9 ಕೋಟಿ ಡಾಲರ್ ಖರ್ಚಾಗಿತ್ತು. ಜಗತ್ತಿನಾದ್ಯಂತ ಸುಮಾರು 27.8 ಕೋಟಿ ಡಾಲರ್ ಬಾಚಿತು. ಎರಡನೆಯದಕ್ಕೆ 4.5 ಕೋಟಿ ಸುರಿದರು, ಗಳಿಕೆ ಸುಮಾರು 14.1 ಕೋಟಿಗೆ ಇಳಿಯಿತು. ಈಗ ತಾರೀಖು ನೋಡಿ. ಮೊದಲನೆಯದು ತೆರೆಕಂಡದ್ದು 2000ದ ಜುಲೈ 7, ಎರಡನೆಯದು 2001ರ ಜುಲೈ 4. ವರ್ಷ ತುಂಬುವುದರೊಳಗೆ ಕಥೆ ಬರೆದು, ಚಿತ್ರೀಕರಿಸಿ, ಗ್ರಾಫಿಕ್ಸ್ ಮುಗಿಸಿ, ಸಂಕಲಿಸಿ ಥಿಯೇಟರಿಗೆ ತಲುಪಿಸಬೇಕಿತ್ತು. ಮೊದಲ ಚಿತ್ರದ ಪೋಸ್ಟರಿನಲ್ಲಿ ಮುಂದಿನ ಭಾಗ ಇಲ್ಲವೆಂದು ಘೋಷಿಸಿಕೊಂಡಿದ್ದವರು ಇವರೇ.

ಅಣಕು ಚಿತ್ರಕ್ಕೆ ಆತುರ ಒಗ್ಗುವುದಿಲ್ಲ. ಅಣಕಿಸುವ ದೃಶ್ಯವನ್ನು ಮೊದಲು ಹೂಬೇಹೂಬು ಕಟ್ಟಬೇಕು: ಅದೇ ಬೆಳಕು, ಅದೇ ಕ್ಯಾಮೆರಾ ಕೋನ, ಅದೇ ಮೌನ. ನೋಡುವವರು ‘ಓ, ಇದು ಆ ದೃಶ್ಯ’ ಎಂದು ಗುರುತಿಸಿದ ಮೇಲೆಯೇ ಅದನ್ನು ತಿರುಚಬೇಕು. ಈ ಚಿತ್ರದ ಆರಂಭ ನೋಡಿ. ‘ದಿ ಎಕ್ಸಾರ್ಸಿಸ್ಟ್’ನ ಅಣಕು: ಪಿಯಾನೋ ಸುತ್ತ ನೆರೆದ ಅತಿಥಿಗಳು, ಮೈಮೇಲೆ ದೆವ್ವ ಬಂದ ಹುಡುಗಿ, ಪಾದ್ರಿಯ ಆಗಮನ. ಮೂಲವನ್ನು ಶ್ರದ್ಧೆಯಿಂದ ಅನುಸರಿಸಿದ್ದರಿಂದ ಅದು ಕೆಲಸ ಮಾಡುತ್ತದೆ. 1973ರ ಆ ಚಿತ್ರ 2000ದ ಸೆಪ್ಟೆಂಬರಿನಲ್ಲಿ ಅಮೆರಿಕದ ಥಿಯೇಟರುಗಳಿಗೆ ಮತ್ತೆ ಬಂದಿದ್ದರಿಂದ ಅಲ್ಲಿನ ಪ್ರೇಕ್ಷಕರಿಗೆ ನೆನಪೂ ಹಸಿಯಾಗಿತ್ತು. ಆ ಪಾದ್ರಿಯ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಮಾರ್ಲನ್ ಬ್ರಾಂಡೊ. ನ್ಯುಮೋನಿಯಾ ಆಗಿ ಅವರು ಹಿಂದೆ ಸರಿದರು, ಜೇಮ್ಸ್ ವುಡ್ಸ್ ಬಂದರು. ಬಿಡುಗಡೆಗೆ ಕೆಲವೇ ತಿಂಗಳಿರುವಾಗ ಆದ ಬದಲಾವಣೆ ಅದು.

ಉಳಿದ ಚಿತ್ರದ ಬೆನ್ನೆಲುಬು 1999ರ ‘ದಿ ಹಾಂಟಿಂಗ್’: ಪ್ರಯೋಗದ ನೆಪ ಹೇಳಿ ಒಂದಿಷ್ಟು ಜನರನ್ನು ಹಳೇ ಬಂಗಲೆಗೆ ಕರೆತರುವ ಪ್ರೊಫೆಸರ್. ಆ ಚಿತ್ರವನ್ನು 2001ರ ಹೊತ್ತಿಗೆ ಎಷ್ಟು ಜನ ನೆನಪಿಟ್ಟುಕೊಂಡಿದ್ದರು? ಮೊದಲ ಭಾಗ ಆಡಿಕೊಂಡದ್ದು ‘ಸ್ಕ್ರೀಮ್’ ಚಿತ್ರವನ್ನು. ಅದರ ಮುಖವಾಡ, ಫೋನ್ ಕರೆ, ಕೊಲೆಗಾರ ಯಾರೆಂಬ ಕುತೂಹಲ ಎಲ್ಲವೂ ಜನರ ಬಾಯಲ್ಲಿತ್ತು. ಅದಕ್ಕೊಂದು ಕಥೆಯ ಎಳೆಯೂ ಇತ್ತು, ಆ ಎಳೆಗೆ ಹಾಸ್ಯ ಪೋಣಿಸಿದರೆ ಸಾಕಿತ್ತು. ಎರಡನೆಯದರಲ್ಲಿ ಎಳೆ ಸಡಿಲ. ಏಳು ಮಂದಿ ಬರೆದ ಚಿತ್ರಕಥೆ ಒಂದು ಜೋಕಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಅಣಕಿಸಲು ಸರಕು ಮುಗಿದ ಕಡೆಯಲ್ಲೆಲ್ಲ ವಾಂತಿ, ಮಲಮೂತ್ರದ ಹಾಸ್ಯ ತುಂಬಿದ್ದಾರೆ. ಊಟದ ಮೇಜಿನ ಮುಂದೆ ಬಂಗಲೆ ನೋಡಿಕೊಳ್ಳುವ ಹ್ಯಾನ್ಸನ್ ತನ್ನ ಸೊಟ್ಟ ಕೈಯನ್ನು ಎಲ್ಲ ಪದಾರ್ಥಕ್ಕೂ ಅದ್ದುವ ದೃಶ್ಯ ಇದಕ್ಕೆ ನಿದರ್ಶನ. ಮೊದಲ ಸಲ ನಗು ಬರುತ್ತದೆ. ಆಮೇಲೆ ಅದು ಯಾವ ಚಿತ್ರದ ಅಣಕವೂ ಅಲ್ಲ, ಬರೀ ಅಸಹ್ಯ.

ನೋಡುವ ಮೊದಲು ಯಾವ ಮೂಲ ಚಿತ್ರಗಳನ್ನು ನೋಡಿರಬೇಕು? ಎಲ್ಲ ನೋಡಲು ಪುರುಸೊತ್ತಿಲ್ಲ. (ಶಿವಮೊಗ್ಗ)

ಮೂರು ಸಾಕು. ಮೊದಲು ‘ದಿ ಎಕ್ಸಾರ್ಸಿಸ್ಟ್’, ಆಮೇಲೆ 1982ರ ‘ಪೋಲ್ಟರ್‌ಗೈಸ್ಟ್’, ಕೊನೆಗೆ ‘ದಿ ಹಾಂಟಿಂಗ್’. ಮಂಚದಡಿಯ ಕೋಡಂಗಿ ಗೊಂಬೆಯ ದೃಶ್ಯದಲ್ಲಿ ಹಿಡಿದು ಎಳೆದ ಗೊಂಬೆಗೇ ತಿರುಗಿ ಸಂಕಟ ಬರುವುದು ‘ಪೋಲ್ಟರ್‌ಗೈಸ್ಟ್’ ನೋಡಿದವರಿಗೆ ದುಪ್ಪಟ್ಟು ರುಚಿಸುತ್ತದೆ. 2000ದ ‘ಹಾಲೋ ಮ್ಯಾನ್’ ಮತ್ತು ‘ಚಾರ್ಲೀಸ್ ಏಂಜಲ್ಸ್’ಗಳ ಟ್ರೇಲರ್ ನೋಡಿದ್ದರೂ ನಡೆಯುತ್ತದೆ. ಒಂದು ಎಚ್ಚರ: ಅಮೆರಿಕದಲ್ಲಿ ಇದಕ್ಕೆ ‘ಆರ್’ ದರ್ಜೆ ಸಿಕ್ಕಿತ್ತು. ಮಕ್ಕಳ ಜೊತೆ ಕೂತು ನೋಡುವ ಚಿತ್ರವಲ್ಲ.

ಮೊದಲ ಭಾಗದಲ್ಲಿ ಸತ್ತ ಬ್ರೆಂಡಾ, ರೇ, ಶಾರ್ಟಿ ಇಲ್ಲಿ ಹೇಗೆ ಬಂದರು? (ಕೋಲಾರ)

ಚಿತ್ರ ಅದಕ್ಕೆ ಗಟ್ಟಿ ಕಾರಣ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಬ್ರೆಂಡಾ ಪಾತ್ರದ ರೆಜೀನಾ ಹಾಲ್ ಮರಳಿ ಬಂದದ್ದೇ ಲಾಭ. ಎಲುಬುಗೂಡು ಅಟ್ಟಿಸಿಕೊಂಡು ಬಂದಾಗ ಬ್ರೆಂಡಾ ಹೆದರದೆ ಅದನ್ನೇ ಬಿಡಿಬಿಡಿಯಾಗಿ ಕಿತ್ತಿಡುವುದು ಇಡೀ ಚಿತ್ರದ ಅತ್ಯುತ್ತಮ ಕ್ಷಣಗಳಲ್ಲಿ ಒಂದು.

ಡಿವಿಡಿ ಡಬ್ಬಿಯ ಮೇಲೆ 83 ನಿಮಿಷ ಎಂದಿದೆ. ಪ್ಲೇಯರ್ 80 ನಿಮಿಷವೂ ತೋರಿಸುವುದಿಲ್ಲ. ಸೆನ್ಸಾರ್ ಕತ್ತರಿಯೇ? (ಹುಬ್ಬಳ್ಳಿ)

ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ಸಿನಿಮಾ ರೀಲು ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡುತ್ತದೆ. ನಮ್ಮ ದೇಶದ ಟಿವಿ ಪದ್ಧತಿ ಪಾಲ್, ಅದರಲ್ಲಿ ಸೆಕೆಂಡಿಗೆ 25 ಫ್ರೇಮ್. ಪಾಲ್ ಡಿಸ್ಕ್ ಮಾಡುವಾಗ ಚಿತ್ರವನ್ನು ಸುಮಾರು 4 ಪ್ರತಿಶತ ವೇಗವಾಗಿ ಓಡಿಸಿಬಿಡುತ್ತಾರೆ. 83 ನಿಮಿಷವನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿ: 79 ನಿಮಿಷ 41 ಸೆಕೆಂಡ್ ಬರುತ್ತದೆ. ನಿಮ್ಮ ಪ್ಲೇಯರ್ ಇದರ ಆಸುಪಾಸಿನ ಲೆಕ್ಕ ತೋರಿಸಿದರೆ ಒಂದು ದೃಶ್ಯವೂ ಹೋಗಿಲ್ಲ. 78ಕ್ಕಿಂತ ಕೆಳಗಿದ್ದರೆ ಕತ್ತರಿ ಬಿದ್ದಿರಬಹುದು. ನಮ್ಮಲ್ಲಿ ಮನೆ ವಿಡಿಯೋಗೂ ಸೆನ್ಸಾರ್ ಪ್ರಮಾಣಪತ್ರ ಬೇಕಾಗುತ್ತದೆ. ಮಾತಿನ ನಡುವೆ ಹಿನ್ನೆಲೆ ಸಂಗೀತ ತಟಕ್ಕನೆ ತುಂಡಾಗುವ ಜಾಗಗಳನ್ನು ಗುರುತಿಸಿ, ಕತ್ತರಿ ಬಿದ್ದ ಜಾಗ ಅಲ್ಲೇ ಸಿಗುತ್ತದೆ.

ವೇಗ ಹೆಚ್ಚಿದಾಗ ದನಿಯೂ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಮೇಲೇರುತ್ತದೆ. ಡಿಸ್ಕ್ ಮಾಡುವಾಗಲೇ ಸರಿಪಡಿಸಿದ್ದರೆ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ಪ್ರೊಫೆಸರ್ ಪಾತ್ರದ ಟಿಮ್ ಕರಿಯಂಥ ಗಡಸು ದನಿಯವರ ಮಾತಿನಲ್ಲಿ ಬೇಗ ತಿಳಿಯುತ್ತದೆ.

ಅಮೆರಿಕದಲ್ಲಿರುವ ಸಂಬಂಧಿಕರು ಅಲ್ಲಿನ ಡಿವಿಡಿ ಕೊಟ್ಟರು. ಇಲ್ಲಿ ಹಾಕಿದರೆ ರೀಜನ್ ಸರಿಯಿಲ್ಲ ಎನ್ನುತ್ತದೆ. ದಾರಿ ಉಂಟೇ? (ಬೆಂಗಳೂರು)

ಅಲ್ಲಿನ ಡಿಸ್ಕ್ 2001ರ ಡಿಸೆಂಬರಿನಲ್ಲಿ ಬಂತು. ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕೆಂದು ಹಾಕುವ ಬೀಗವೇ ರೀಜನ್: ಅದು ರೀಜನ್ 1, ಭಾರತ ರೀಜನ್ 5. ಜೊತೆಗೆ ಅದು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯದು. ಎರಡನೆಯದು ಈಗ ದೊಡ್ಡ ತೊಡಕಲ್ಲ, ಎಲ್‌ಇಡಿ ಟಿವಿಗಳು 50 ಹರ್ಟ್ಸ್, 60 ಹರ್ಟ್ಸ್ ಎರಡನ್ನೂ ಒಪ್ಪುತ್ತವೆ. ಹಳೇ ಪೆಟ್ಟಿಗೆ ಟಿವಿಯಲ್ಲಿ ಮಾತ್ರ ಚಿತ್ರ ಕಪ್ಪು–ಬಿಳುಪಾಗಬಹುದು ಅಥವಾ ಮೇಲೆ ಕೆಳಗೆ ಉರುಳಬಹುದು; ಆಗ ಪ್ಲೇಯರಿನ ಮೆನುವಿನಲ್ಲಿ ಟಿವಿ ಪದ್ಧತಿಯನ್ನು ‘ಪಾಲ್’ಗೆ ಇಡಿ.

ರೀಜನ್ ಬೀಗಕ್ಕೆ ಬರೋಣ. ನಮ್ಮಲ್ಲಿ ಮಾರಾಟವಾದ ಎಷ್ಟೋ ಪ್ಲೇಯರುಗಳು ಎಲ್ಲ ರೀಜನ್ ಡಿಸ್ಕನ್ನೂ ಓದುತ್ತವೆ, ಹಾಗಾಗಿ ನೆರೆಮನೆಯ ಹಳೇ ಪ್ಲೇಯರಿನಲ್ಲಿ ಒಮ್ಮೆ ಹಾಕಿ ನೋಡಿ. ಕಂಪ್ಯೂಟರ್ ಡ್ರೈವಿನ ವಿಷಯದಲ್ಲಿ ಜೋಪಾನ: ಅದರ ರೀಜನ್ ಅನ್ನು ಒಟ್ಟು 5 ಸಲ ಮಾತ್ರ ಬದಲಿಸಬಹುದು, ಐದನೆಯದು ಶಾಶ್ವತವಾಗಿ ಉಳಿಯುತ್ತದೆ. ಒಂದೊಂದು ಡಿಸ್ಕಿಗೂ ಬದಲಿಸುತ್ತ ಹೋದರೆ ನಿಮ್ಮ ಭಾರತೀಯ ಡಿಸ್ಕುಗಳೇ ಓಡದಂತಾಗುತ್ತವೆ. ಬೇರೆ ರೀಜನ್ ಡಿಸ್ಕುಗಳು ಹಲವಿದ್ದರೆ ಅವಕ್ಕೆಂದೇ ಇನ್ನೊಂದು ಯುಎಸ್‌ಬಿ ಡ್ರೈವ್ ಇಟ್ಟುಕೊಳ್ಳುವುದು ಲೇಸು.

ಚಿತ್ರದಲ್ಲಿ ಎಲ್ಲರೂ ಉದ್ದುದ್ದ, ತೆಳ್ಳಗೆ ಕಂಡರೆ ಡಿಸ್ಕಿನ ತಪ್ಪಲ್ಲ. ಹಳೇ ಪೆಟ್ಟಿಗೆ ಟಿವಿಯಾದರೆ ಪ್ಲೇಯರಿನಲ್ಲಿ ಟಿವಿ ಆಕಾರ 16:9 ಎಂದು ಇರುತ್ತದೆ, 4:3 ಮಾಡಿ; ಅಗಲ ಟಿವಿಯಾದರೆ ಟಿವಿಯ ಚಿತ್ರದ ಆಕಾರವೇ 4:3ರಲ್ಲಿರುತ್ತದೆ, ಅದನ್ನು 16:9 ಮಾಡಿ.

ಡಿಸ್ಕ್ ಸರಿಯಾಗಿ ಅರ್ಧಕ್ಕೆ ಬಂದಾಗ ನಿಂತುಬಿಡುತ್ತದೆ. ಆಮೇಲಿನ ಭಾಗ ಚೆನ್ನಾಗಿದೆ. ನಮ್ಮದು ಕಡಲತೀರದ ಊರು, ಮಳೆಗಾಲದಲ್ಲಿ ಬೂಷ್ಟು ಬೇರೆ ಹಿಡಿಯುತ್ತದೆ. (ಉಡುಪಿ)

ನಿಮ್ಮ ಪ್ರಶ್ನೆಯಲ್ಲೇ ಸುಳಿವಿದೆ. ಡಿವಿಡಿಯನ್ನು ಒಳಗಿನಿಂದ ಹೊರಕ್ಕೆ ಓದುತ್ತಾರೆ. ಎರಡು ಪದರದ 8.5 ಜಿಬಿ ಡಿಸ್ಕ್ ಆದರೆ ಮೊದಲ ಪದರ ಹೊರ ಅಂಚಿನ ಕಡೆ ಮುಗಿದಾಗ ಲೇಸರ್ ಎರಡನೇ ಪದರಕ್ಕೆ ಹಾರಿ, ಅಲ್ಲಿಂದ ಒಳಕ್ಕೆ ಓದುತ್ತ ಬರುತ್ತದೆ. ಅಂದರೆ ಚಿತ್ರದ ನಡುಭಾಗ ಇರುವುದು ಡಿಸ್ಕಿನ ಹೊರವಲಯದಲ್ಲಿ. ನಾವು ಬೆರಳಿಟ್ಟು ಹಿಡಿಯುವುದೂ ಅಲ್ಲೇ, ತೇವ ಮೊದಲು ತಾಗುವುದೂ ಅಲ್ಲೇ. ಪದರ ಬದಲಾಗುವಾಗ ಕ್ಷಣ ಮಾತ್ರ ನಿಂತು ಮುಂದೆ ಹೋಗುವುದು ಸಹಜ. ನಿಂತೇ ಬಿಟ್ಟರೆ ಹೊರ ಅಂಚು ಕೊಳೆಯಾಗಿದೆ. ಎರಡು ಪದರವೋ ಒಂದೋ ತಿಳಿಯಲು ಓದುವ ಮೈ ನೋಡಿ: ಎರಡು ಪದರದ್ದು ಸಾಮಾನ್ಯವಾಗಿ ತುಸು ಹೊಂಬಣ್ಣ, ಒಂದೇ ಪದರದ 4.7 ಜಿಬಿಯದು ಬೆಳ್ಳಿ ಬಣ್ಣ.

ತೊಳೆಯುವ ಕ್ರಮ ಹೀಗೆ. ಒಣ ಬಟ್ಟೆಯಿಂದ ಉಜ್ಜಬೇಡಿ, ದೂಳಿನ ಕಣವೇ ಗೀರು ಎಳೆಯುತ್ತದೆ. ಮೊದಲು ಉಗುರು ಬೆಚ್ಚಗಿನ ನೀರು ಹರಿಯಬಿಡಿ. ಪಾತ್ರೆ ತೊಳೆಯುವ ದ್ರವ ಒಂದು ಹನಿ ಸಾಕು, ಪುಡಿ ಬೇಡ. ಬೆರಳ ತುದಿಯಿಂದ ನಯವಾಗಿ ತಿಕ್ಕಿ, ಮತ್ತೆ ನೀರು ಬಿಡಿ. ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತುಸುತ್ತಾಗಿ ಒರೆಸಬಾರದು: ಗೀರು ಬಿದ್ದರೆ ಅದು ದತ್ತಾಂಶದ ಸಾಲಿನ ಗುಂಟವೇ ಬೀಳುತ್ತದೆ, ಒಂದೇ ಕಡೆ ಉದ್ದಕ್ಕೆ ಹಾಳಾದರೆ ಪ್ಲೇಯರಿನ ದೋಷ ತಿದ್ದುವ ಲೆಕ್ಕಾಚಾರ ಸೋಲುತ್ತದೆ. ಅಡ್ಡ ಗೀರನ್ನು ಅದು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ನೆರಳಲ್ಲಿ ಒಣಗಿಸಿ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ ತಾಗಿಸಿದರೆ ಪಾಲಿಕಾರ್ಬೊನೇಟ್ ಮಬ್ಬಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಬೂಷ್ಟು ಮೇಲ್ಮೈಯಲ್ಲಿದ್ದರೆ ಇಷ್ಟಕ್ಕೇ ಹೋಗುತ್ತದೆ. ತೊಳೆದ ಮೇಲೂ ಬೆಳಕಿಗೆ ಹಿಡಿದಾಗ ಒಳಗೆ ಕಂದು ಕಲೆ ಅಥವಾ ಸೂಜಿಮೊನೆಯಂಥ ಬೆಳಕಿನ ಚುಕ್ಕೆ ಕಂಡರೆ ಅಲ್ಯೂಮಿನಿಯಂ ಪದರವೇ ಕೆಟ್ಟಿದೆ, ಅದಕ್ಕೆ ಮದ್ದಿಲ್ಲ. ಡಿವಿಡಿ ಎಂದರೆ 0.6 ಮಿಲಿಮೀಟರಿನ ಎರಡು ಹಾಳೆಗಳನ್ನು ಅಂಟಿಸಿದ್ದು. ಅಂಚಿನ ಅಂಟು ಬಿಟ್ಟಲ್ಲಿ ತೇವ ಒಳನುಗ್ಗುತ್ತದೆ. ಡಬ್ಬಿಯಿಂದ ತೆಗೆಯುವಾಗ ನಡುವಿನ ಗುಬ್ಬಿ ಒತ್ತಿಯೇ ತೆಗೆಯಿರಿ, ಅಂಚು ಹಿಡಿದು ಬಗ್ಗಿಸಿ ಎಳೆದರೆ ತೂತಿನ ಸುತ್ತ ಬಿರುಕು ಬಿಡುತ್ತದೆ. ಮಳೆಗಾಲಕ್ಕೆ ಮೊದಲು ಕಾಗದದ ಕವರುಗಳನ್ನು ತೆಗೆದುಹಾಕಿ, ಡಿಸ್ಕುಗಳನ್ನು ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಮುಚ್ಚಳ ಬಿಗಿಯಾಗುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಹಳೇ ಸಿಡಿ ಅಂಗಡಿಯಲ್ಲಿ ಇದರ ಎರಡು ಡಿಸ್ಕಿನ ವಿಸಿಡಿ ಸಿಕ್ಕಿತು. ಕತ್ತಲ ದೃಶ್ಯದಲ್ಲಿ ಚೌಕಚೌಕ ಕಾಣುತ್ತದೆ. ಪ್ಲೇಯರ್ ಬದಲಿಸಲೇ? (ಬಳ್ಳಾರಿ)

ಬೇಡ, ಖರ್ಚು ದಂಡ. ವಿಸಿಡಿಯ ಚಿತ್ರ 352×288 ಚುಕ್ಕಿಗಳಷ್ಟೇ. ಪಾಲ್ ಡಿವಿಡಿಯ 720×576ಕ್ಕೆ ಹೋಲಿಸಿದರೆ ಕಾಲುಭಾಗ. ಚಿತ್ರಕ್ಕೆ ಸೆಕೆಂಡಿಗೆ 1150 ಕಿಲೋಬಿಟ್ ಮಾತ್ರ ಮೀಸಲು. ಒಂದು ಡಿಸ್ಕಿನಲ್ಲಿ ಸುಮಾರು 74 ನಿಮಿಷ ಹಿಡಿಯುವುದರಿಂದ 83 ನಿಮಿಷದ ಚಿತ್ರಕ್ಕೂ ಎರಡು ಡಿಸ್ಕ್ ಬೇಕಾಯಿತು. ಬಂಗಲೆಯ ಕತ್ತಲು, ಹೊಗೆ, ಮೇಣದಬತ್ತಿಯ ಮಿಣುಕು ಇವೆಲ್ಲ ಇಷ್ಟು ಕಡಿಮೆ ಬಿಟ್‌ನಲ್ಲಿ ಚೌಕಗಳಾಗಿ ಒಡೆಯುತ್ತವೆ. ಅಣಕು ಚಿತ್ರಕ್ಕೆ ಇದು ಬೇರೆಯವಕ್ಕಿಂತ ಹೆಚ್ಚಿನ ಪೆಟ್ಟು, ಏಕೆಂದರೆ ಅರ್ಧ ಹಾಸ್ಯ ಹಿಂಬದಿಯ ಗೋಡೆಯಲ್ಲಿ, ಚೌಕಟ್ಟಿನ ಅಂಚಿನಲ್ಲಿ ಇರುತ್ತದೆ. ಟಿವಿಯ ಹೊಳಪು ತುಸು ಇಳಿಸಿ, ಶಾರ್ಪ್‌ನೆಸ್ ಸೊನ್ನೆಗೆ ತನ್ನಿ, ಚೌಕಗಳು ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ.

ವಿಸಿಡಿಯಲ್ಲಿ ದತ್ತಾಂಶ ಇರುವುದು ಲೇಬಲ್ ಕಡೆಯ ಮೈಗೆ ಅಂಟಿಕೊಂಡು. ಅಂಗಡಿಯವರು ಹಚ್ಚಿದ ಸ್ಟಿಕರ್ ಕೀಳಲು ಹೋಗಬೇಡಿ, ಬೆಳ್ಳಿ ಪದರವೂ ಜೊತೆಗೇ ಎದ್ದುಬರುತ್ತದೆ.

ಡಿವಿಡಿಯಲ್ಲಿ ಕತ್ತರಿಸಿದ ದೃಶ್ಯಗಳ ರಾಶಿಯೇ ಇದೆ. ಅವು ಯಾಕೆ ಅಷ್ಟು ಮಸುಕು? ನೋಡುವುದರಲ್ಲಿ ಏನಾದರೂ ಇದೆಯೇ? (ಧಾರವಾಡ)

ಖಂಡಿತ ಇದೆ. ನಮ್ಮ ಮಟ್ಟಿಗೆ ಈ ಡಿಸ್ಕ್ ಇಟ್ಟುಕೊಳ್ಳಲು ಅದೇ ಕಾರಣ. ಇಂಥ ದೃಶ್ಯಗಳು ಸಾಮಾನ್ಯವಾಗಿ ಸಂಕಲನದ ಕಂಪ್ಯೂಟರಿನಲ್ಲಿದ್ದ ಕಡಿಮೆ ಗುಣಮಟ್ಟದ ಪ್ರತಿಯಿಂದ ಬರುತ್ತವೆ. ಕೈಬಿಟ್ಟ ದೃಶ್ಯಕ್ಕೆ ನೆಗೆಟಿವ್ ಕತ್ತರಿಸಿ ಬಣ್ಣ ತಿದ್ದಲು ಯಾರೂ ಹಣ ಹಾಕುವುದಿಲ್ಲ. ಗ್ರಾಫಿಕ್ಸ್ ಅರೆಬರೆ, ಮಾತು ಸೆಟ್‌ನಲ್ಲಿ ಹಿಡಿದದ್ದೇ.

ಮೊದಲು ಚಿತ್ರ ಪೂರ್ತಿ ನೋಡಿ, ಆಮೇಲೆ ಇವನ್ನು, ಕೊನೆಗೆ ಬೇರೆ ಬಗೆಯ ಅಂತ್ಯವನ್ನು. ಪ್ರತಿ ದೃಶ್ಯಕ್ಕೂ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ಚಿತ್ರದ ಅಣಕು? ಇದನ್ನು ತೆಗೆದರೆ ಕಥೆಯಲ್ಲಿ ಏನು ಕೆಡುತ್ತದೆ? ಎರಡನೆಯದಕ್ಕೆ ಹೆಚ್ಚಿನ ಕಡೆ ‘ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ. ಚಿತ್ರದಲ್ಲಿ ಉಳಿದ ದೃಶ್ಯಗಳಿಗೂ ಅದೇ ಪ್ರಶ್ನೆ ಹಾಕಿ, ಅಲ್ಲೂ ಅದೇ ಉತ್ತರ. ಸಿಕ್ಕಿದ್ದನ್ನೆಲ್ಲ ಚಿತ್ರೀಕರಿಸಿ, ಸಂಕಲನದ ಮೇಜಿನ ಮೇಲೆ ಚಿತ್ರ ಹುಡುಕಿದ್ದಾರೆ ಎನ್ನುವುದು ಇದರಿಂದ ನಿಚ್ಚಳವಾಗುತ್ತದೆ. ಹಾಸ್ಯ ಬರೆಯುವವರಿಗೆ ಗೆದ್ದ ಚಿತ್ರಕ್ಕಿಂತ ಇಂಥದು ಹೆಚ್ಚು ಕಲಿಸುತ್ತದೆ.

ಇಷ್ಟು ಬಿದ್ದ ಮೇಲೂ ಮೂರನೆಯದು ಹೇಗೆ ಬಂತು? ಬ್ಲೂ-ರೇ ಕೊಳ್ಳಬಹುದೇ? (ತುಮಕೂರು)

ಗಳಿಕೆ ಅರ್ಧಕ್ಕಿಳಿದರೂ ಖರ್ಚಿನ ಮೂರು ಪಟ್ಟು ಬಂದಿತ್ತಲ್ಲ. ಮೊದಲೆರಡು ಭಾಗ ಮಾಡಿದ ವೇಯನ್ಸ್ ಸೋದರರು ಹೊರಬಂದರು. 1980ರ ‘ಏರ್‌ಪ್ಲೇನ್!’ ಮಾಡಿದ ಮೂವರಲ್ಲಿ ಒಬ್ಬರಾದ ಡೇವಿಡ್ ಜುಕರ್ ನಿರ್ದೇಶನಕ್ಕೆ ಬಂದರು. 2003ರ ಅಕ್ಟೋಬರಿನಲ್ಲಿ ತೆರೆಕಂಡ ಮೂರನೇ ಭಾಗ ಹದಿಹರೆಯದವರೂ ನೋಡಬಹುದಾದ ಪಿಜಿ–13 ದರ್ಜೆಗೆ ಇಳಿದು, ಆಗಿನ್ನೂ ಬಿಸಿಯಾಗಿದ್ದ ‘ದಿ ರಿಂಗ್’ ಮತ್ತು ‘ಸೈನ್ಸ್’ ಎರಡನ್ನೇ ಗಟ್ಟಿಯಾಗಿ ಹಿಡಿದು ಸುಮಾರು 22 ಕೋಟಿ ಡಾಲರ್ ತಂದಿತು. ಗುರಿ ಹೊಸದಾಗಿತ್ತು, ಎಣಿಕೆಯಲ್ಲಿ ಕಡಿಮೆಯಿತ್ತು.

ಬ್ಲೂ-ರೇಯಲ್ಲಿ ವೇಗದ ತೊಡಕಿಲ್ಲ, ಚಿತ್ರ ಸೆಕೆಂಡಿಗೆ 24 ಫ್ರೇಮಿನಲ್ಲೇ ಓಡುತ್ತದೆ, ಕತ್ತಲ ವಿವರವೂ ಚೆನ್ನ. ಅಮೆರಿಕದ್ದು ರೀಜನ್ ಎ, ನಮ್ಮದು ಸಿ. ಬೀಗವಿದೆಯೇ ಎಂದು ಮೊದಲೇ ವಿಚಾರಿಸಿ. ಕತ್ತರಿಸಿದ ದೃಶ್ಯಗಳು ಅದರಲ್ಲೂ ಇವೆಯೇ ಎಂದು ಡಬ್ಬಿಯ ಹಿಂಬದಿ ಓದಿ ಕೊಳ್ಳಿ. ಇಲ್ಲದಿದ್ದರೆ ಹಳೇ ಡಿವಿಡಿಯೇ ವಾಸಿ.

ಕಾಲೇಜು ಹಬ್ಬಕ್ಕೆ ಐದು ನಿಮಿಷದ ಅಣಕು ದೆವ್ವದ ಕಿರುಚಿತ್ರ ಮಾಡಬೇಕೆಂದಿದ್ದೇವೆ. ಇದೇ ತಪ್ಪು ನಮ್ಮಲ್ಲೂ ಆಗದಂತೆ ಏನು ಮಾಡಬೇಕು? (ದಾವಣಗೆರೆ)

ಒಂದೇ ಗುರಿ ಹಿಡಿಯಿರಿ, ಅದು ನಿಮ್ಮ ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತಿರುವುದಾಗಲಿ. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ಇದೆಯಲ್ಲ, ವಿವರಿಸುವ ಕೆಲಸವೇ ಇಲ್ಲ. ಪರಿಚಿತ ದನಿಯಲ್ಲಿ ಬಾಗಿಲು ತಟ್ಟುವ ದೆವ್ವ ಬರಹ ಓದಿ ಹಿಂದಿರುಗುತ್ತದೆ, ಇದು ಎಲ್ಲರೂ ಬಲ್ಲ ಭಾಗ. ಅದು ನಿಜವಾಗಿಯೂ ಮರುದಿನ ಫೈಲು ಹಿಡಿದು ಬಂದರೆ? ಮೂರನೇ ದಿನ ಮೇಲಧಿಕಾರಿಗೆ ದೂರು ಕೊಟ್ಟರೆ? ಒಂದೇ ಎಳೆ, ಪ್ರತಿ ಸಲ ಒಂದು ಮೆಟ್ಟಿಲು ಮೇಲೆ.

ಮೊದಲ ಒಂದು ನಿಮಿಷದಲ್ಲಿ ಜೋಕೇ ಬೇಡ, ನಿಜವಾಗಿ ಹೆದರಿಸಿ. ನಟರಿಗೆ ಇದು ಹಾಸ್ಯವೆಂದು ಮರೆತುಬಿಡಲು ಹೇಳಿ. ಕಣ್ಣು ಮಿಟುಕಿಸಿದರೆ ಕೆಟ್ಟಿತು. ಶಾಟೊಂದಕ್ಕೆ ಸರಾಸರಿ 5 ಸೆಕೆಂಡ್ ಎಂದರೆ 60 ಶಾಟ್. ಪಟ್ಟಿ ಬರೆದುಕೊಂಡೇ ಹೊರಡಿ.

ಫೋನಿನಲ್ಲಿ ತೆಗೆಯುವುದಾದರೆ 25 ಫ್ರೇಮ್, ಶಟರ್ 1/50ಕ್ಕೆ ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್. 30 ಫ್ರೇಮ್, 1/60ರಲ್ಲಿ ತೆಗೆದರೆ ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಓಡಾಡುತ್ತದೆ. ಬೆಳದಿಂಗಳ ನೀಲಿಗೆ ಬಿಳಿ ಎಲ್‌ಇಡಿ ದೀಪ ಹಚ್ಚಿ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 3200ಕ್ಕೆ ಇಳಿಸಿ. ದೀಪ ಒಂದೇ ಬದಿಯಿಂದ ಬರಲಿ, ಮುಖದ ಅರ್ಧ ಕತ್ತಲಲ್ಲಿರಲಿ. ರಕ್ತಕ್ಕೆ ಒಂದು ಲೋಟ ಗಟ್ಟಿ ಸಕ್ಕರೆ ಪಾಕ, ಒಂದು ಚಮಚ ತಿನ್ನುವ ಕೆಂಪು ಬಣ್ಣ, ಅರ್ಧ ಚಮಚ ಕೋಕೋ ಪುಡಿ. ಕೋಕೋ ಹಾಕದಿದ್ದರೆ ಶರಬತ್ತಿನಂತೆ ಹೊಳೆಯುತ್ತದೆ. ಬಾಡಿಗೆ ಬಟ್ಟೆಗೆ ತಾಗಿಸಬೇಡಿ, ಕಲೆ ಹೋಗುವುದಿಲ್ಲ.

ಸಂಕಲನದಲ್ಲಿ ಪ್ರತಿ ತಿರುವಿನ ನಂತರ ಒಂದೂವರೆ ಸೆಕೆಂಡ್ ಖಾಲಿ ಬಿಡಿ, ಸಭೆ ನಗುವಾಗ ಮುಂದಿನ ಮಾತು ಮುಳುಗದಿರಲಿ. ಮುಗಿದ ಮೇಲೆ ಕಥೆ ಗೊತ್ತಿಲ್ಲದ ಐವರನ್ನು ಕೂರಿಸಿ ತೋರಿಸಿ, ಪರದೆ ನೋಡದೆ ಅವರ ಮುಖ ನೋಡಿ. ಇಬ್ಬರಿಗಿಂತ ಕಡಿಮೆ ಜನ ನಕ್ಕ ಜೋಕನ್ನು ಎಷ್ಟೇ ಕಷ್ಟಪಟ್ಟು ತೆಗೆದಿದ್ದರೂ ಕಿತ್ತುಹಾಕಿ, ಚಿತ್ರ ನಾಲ್ಕೇ ನಿಮಿಷಕ್ಕೆ ಇಳಿದರೂ ಸರಿ.